ಬೆನ್ನಿಲ್ಲದ ಕ್ಯಾಮೆರಾ

ಹೆತ್ತು ಹೊತ್ತು ಸಾಕಿದ ತಾಯಿ ವಿಧವೆಯಾದರೆ ಮಗಳ ಮದುವೆಯಲ್ಲಿ ಎದುರು ಬರಬಾರದಂತೆ, ಅಕ್ಷತೆ ಹಾಕಬಾರದಂತೆ. ಯಾವ ಪುಣ್ಯಾತ್ಮ ಮಾಡಿಟ್ಟ ರಿವಾಜೋ, ಅವನ ಬಾಯಿಗೆ ಮಣ್ಣು ಬೀಳಲಿ. ಬೇಡಕಿಹಾಳದ ತುಳಸವ್ವ ಮಾತ್ರ ಅದನ್ನು ಚಾಚೂ ತಪ್ಪದೆ ನಡೆಸಿದವಳು. ಗಂಡ ತೀರಿಕೊಂಡ ಮೇಲೆ ಶುಭಕಾರ್ಯಗಳಲ್ಲಿ ಅಡುಗೆಮನೆ ಬಿಟ್ಟು ಬಂದವಳಲ್ಲ, ಒಂದು ಫೋಟೋ ತೆಗೆಸಿಕೊಂಡವಳಲ್ಲ.

ತೊಂಬತ್ತೇಳರ ಬೇಸಿಗೆಯಲ್ಲಿ ಅವಳ ಒಬ್ಬಳೇ ಮಗಳು ಸುಂದರಾಳ ಮದುವೆ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಸೋದರಮಾವನ ಮಗ ಉತ್ತಮ, ತಾನೇ ಮಾಡಿದ್ದ ವಿಚಿತ್ರ ಕ್ಯಾಮೆರಾ ತಂದು ಹಂದರದ ನಟ್ಟನಡುವೆ ನಿಲ್ಲಿಸಿದ. ಮೇಲೆ ನೋಡುವ ಕ್ಯಾಮೆರಾ, ಅದರ ನೆತ್ತಿಗೆ ಬಟ್ಟಲಿನ ತಳದಂಥ ಉಬ್ಬುಗನ್ನಡಿ. ಸುತ್ತಲಿನದೆಲ್ಲ ಅದರಲ್ಲಿ ಒಮ್ಮೆಗೇ ಮೂಡುತ್ತಿತ್ತು. ಫ್ಯಾಕ್ಟರಿಯೊಳಗೆ ಡ್ರೈವರ್ ಇಲ್ಲದೆ ಓಡುವ ಬಂಡಿಗೆ ಇದೇ ಕಣ್ಣಾಗುತ್ತದೆ ಎಂದಾಗ ಹಿರಿಯರು ನಕ್ಕರು.

ತುಳಸವ್ವ ನಗಲಿಲ್ಲ. "ಯಾ ಕಡಿ ನಿಂತ್ರ ಇದ್ರಾಗ ಬರೂದಿಲ್ಲೋ ಯಪ್ಪಾ?"

"ಎಲ್ಲಿ ನಿಂತ್ರೂ ಬರ್ತಿ ಬೇ ಅತ್ತಿ. ಇದಕ್ಕ ಬೆನ್ನ ಇಲ್ಲ."

ಅಕ್ಷತೆಯ ಹೊತ್ತಿಗೆ ಸುಂದರಾ ಕತ್ತೆತ್ತಿ ಹುಡುಕಿದಳು. ಜನರ ತಲೆಗಳ ನಡುವೆ ಅವ್ವ ಕಾಣಲಿಲ್ಲ. ಹೊರಡುವಾಗ ಜಗಳವೇ ತೆಗೆದಳು. "ಹಡದ ಮಗಳ ಮ್ಯಾಲೆ ಎರಡ ಕಾಳ ಹಾಕಾಕ ಆಗ್ಲಿಲ್ಲ ನಿನಗ."

"ನಿನ್ನ ಸಂಸಾರ ಚಂದ ಇರ್ಲಿ ಅಂತ, ಮಗಳ," ಎಂದಷ್ಟೇ ಅಂದಳು ತುಳಸವ್ವ.

ಸುಂದರಾ ಮುನಿಸಿಕೊಂಡೇ ರಾಯಬಾಗಕ್ಕೆ, ಗಂಡನ ಮನೆಗೆ ಹೋದಳು. ಮಳೆಗಾಲದಲ್ಲಿ ಅವ್ವನಿಗೆ ಕಾಮಾಲೆಯಾಯಿತು. ಮಗಳು ಬಂದು ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು, ಬಾಯಿಗೆ ನೀರು ಬಿಡಲೂ ಸಿಗಲಿಲ್ಲ.

ಬರಬರುತ್ತ ಇನ್ನೊಂದು ಸಂಕಟ ಶುರುವಾಯಿತು. ಕಣ್ಣು ಮುಚ್ಚಿದರೆ ಅವ್ವನ ದನಿ ಕೇಳುತ್ತಿತ್ತು, ಮುಖ ಮಾತ್ರ ಮಸುಕಾಗುತ್ತಿತ್ತು. ನೋಡಿಕೊಳ್ಳಲು ಹಳೆಯದಾದರೂ ಒಂದು ಫೋಟೋ ಇಲ್ಲ. ಉತ್ತಮನ ಕ್ಯಾಮೆರಾ ನೆನಪಾಗಿದ್ದೇ ತಡ, ಬೆಳಗಾವಿಗೆ ಓಡಿದಳು.

ಕಂಪ್ಯೂಟರಿನಲ್ಲಿ ಇಡೀ ಮದುವೆ ಒಂದು ತಟ್ಟೆಯಷ್ಟಾಗಿತ್ತು. ಜನರೆಲ್ಲ ಕಾಲು ಒಳಗೆ, ತಲೆ ಹೊರಗೆ ಮಾಡಿ ದುಂಡಗೆ ಬಾಗಿ ನಿಂತಿದ್ದರು. ಉತ್ತಮ ಏನೋ ಒತ್ತಿದ. ಆ ದುಂಡನ್ನು ಕತ್ತರಿಸಿ ಹಾಸಿದಂತೆ ಉದ್ದ ಪಟ್ಟಿಯಾಯಿತು, ಬಾಗಿದವರು ನೆಟ್ಟಗಾದರು. ಮಾವ ಬಂದ, ಬೀಗರು ಬಂದರು, ಕೊನೆಗೆ ಅಡುಗೆಮನೆಯ ಬಾಗಿಲು ಬಂತು.

ಅಲ್ಲಿ ತುಳಸವ್ವ ಇದ್ದಳು. ಎಡಗೈಯಿಂದ ಸೆರಗನ್ನು ಗದ್ದದ ತನಕ ಎಳೆದು ಹಿಡಿದಿದ್ದಳು. ಮುಖವಿರಬೇಕಾದಲ್ಲಿ ಬರೀ ಸೀರೆ.

"ಎಲ್ಲಿ ನಿಂತ್ರೂ ಬರ್ತಿ ಅಂತ ನಾನ ಹೇಳಿ ಕೆಡಿಸಿದ್ನಿ, ಅಕ್ಕಾ," ಎಂದ ಉತ್ತಮ.

ಸುಂದರಾಳ ಎದೆ ಒಡೆದುಹೋಯಿತು. ಆದರೂ ಕಣ್ಣು ಕೀಳಲಿಲ್ಲ. "ಬಲಗೈ ಏನ ಮಾಡಾಕತ್ತೈತಿ ನೋಡು."

ಅವನು ಆ ಭಾಗ ದೊಡ್ಡದು ಮಾಡಿದ. ಕೈ ಹೆಗಲ ಮೇಲಕ್ಕೆ ಎದ್ದಿತ್ತು, ಬೆರಳು ಬಿಚ್ಚಿದ್ದವು. ಅವಳ ಮುಂದೆ ನಿಂತವರ ತಲೆ, ಹೆಗಲ ಮೇಲೆಲ್ಲ ಬಿಳಿ ಚುಕ್ಕೆಗಳು, ಅಕ್ಕಿಕಾಳು. ಮಗಳು ಕೂತ ಜಾಗ ಅಲ್ಲಿಂದ ಬಹಳ ದೂರ. ಒಂದು ಕಾಳೂ ಅವಳನ್ನು ಮುಟ್ಟಿರಲಿಲ್ಲ.

"ಹಾಕಿದ್ಯಲ್ಲಬೇ ಯವ್ವಾ," ಎಂದು ಸುಂದರಾ ಕಂಪ್ಯೂಟರಿನ ಮುಂದೆ ತಲೆ ಬಾಗಿಸಿದಳು. ಬಿಕ್ಕಿ ಬಿಕ್ಕಿ ಅಳುತ್ತಿದ್ದರೂ ಆ ತಲೆ ಎತ್ತಲಿಲ್ಲ.