ಮೀಸಲು ಮುರಿದ ಹಾಲು

ಯಶೋದಮ್ಮನ ಹಸು ಕರು ಹಾಕಿ ಮೂರು ದಿನವಾಗಿತ್ತು. ಒಂಬತ್ತು ದಿನ ಆ ಹಾಲು ಹೊಸ್ತಿಲು ದಾಟುವಂತಿಲ್ಲ. ಹತ್ತನೆಯ ದಿನ ಮಾದಪ್ಪನಿಗೆ ಮೀಸಲು ಎರೆದ ಮೇಲೆಯೇ ಉಳಿದವರಿಗೆ. ಎನ್. ಬೇಗೂರಿನಲ್ಲಿ ಯಾರು ಮರೆತರೂ ಅವಳ ಅತ್ತೆ ಚಿಕ್ಕಸಿದ್ದಮ್ಮ ಮರೆಯುವವಳಲ್ಲ. ಅಂಥ ಮನೆಗೇ ಮೈಸೂರಿನಿಂದ ರಾಧಾ ಎಂಬ ಸಂಶೋಧಕಿ ಐಸ್ ಪೆಟ್ಟಿಗೆ ಹೊತ್ತು ಬಂದಳು, ಗಿಣ್ಣುಹಾಲು ಕೇಳಲು.

"ಹಾಲಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿರ್ತವೆ ಅಮ್ಮ. ಅದರೊಳಗೆ ದಡಾರದ ಲಸಿಕೆ ತುಂಬಿ ಮಕ್ಕಳಿಗೆ ಕುಡಿಸೋಕೆ ಆಗುತ್ತಾ ಅಂತ ನೋಡ್ತಿದ್ದೀವಿ. ಅದು ಸಾಧ್ಯವಾದ್ರೆ ಸೂಜಿ ಬೇಕಾಗಲ್ಲ."

"ಯಾವಾಗ ಕುಡುಸ್ತೀರವ್ವ?" ಎಂದಳು ಯಶೋದಮ್ಮ.

"ಹತ್ತು ವರ್ಷ ಆಗಬಹುದು. ಆಗದೇನೂ ಇರಬಹುದು."

ಹುಡುಗಿ ಸುಳ್ಳು ಹೇಳಲಿಲ್ಲ. ಯಶೋದಮ್ಮನಿಗೆ ಅದೇ ಹಿಡಿಸಿತು.

"ಮೀಸಲು ಮುರುದ್ರೆ ಕೆಚ್ಚಲಲ್ಲಿ ರಕ್ತ ಬತ್ತದೆ, ಕೊಡಕ್ಕಾಗಕಿಲ್ಲ," ಎಂದಳು ಜಗಲಿಯ ಮೇಲಿದ್ದ ಚಿಕ್ಕಸಿದ್ದಮ್ಮ. "ಮಾರಮ್ಮ ಬೇಕು ಅಂದ ಮಗೀನ ಯಾವ ಹಾಲು ತಡೀತದೆ? ನಮ್ಮ ನಟರಾಜೂನೂ ಅವಳೇ ಕರ್ಕಂಡೋದ್ಲು."

ನಟರಾಜು ಯಶೋದಮ್ಮನ ಮಗ. ಹದಿನೈದು ವರ್ಷದಿಂದ ಅವಳು ಈ ಮಾತು ಕೇಳಿಕೊಂಡು ಬಾಯಿ ಹೊಲಿದುಕೊಂಡಿದ್ದಳು. ಹಿಂದೊಮ್ಮೆ ಸೂಜಿ ಹಾಕಿಸಿದಾಗ ತೊಡೆ ಊದಿ, ಮಗು ಎರಡು ದಿನ ಜ್ವರದಲ್ಲಿ ಚೀರಿತ್ತು. ಹಾಗಾಗಿ ದಡಾರದ ಸೂಜಿಗೆಂದು ನರ್ಸಮ್ಮ ಊರಿಗೆ ಬಂದ ದಿನ, ಮಗುವನ್ನು ಅವುಚಿಕೊಂಡು ಹುಲ್ಲಿನ ಮೆದೆಯ ಹಿಂದೆ ಕೂತಳು. ಯಾಕೋ ನರ್ಸಮ್ಮ ಹುಡುಕದೆ ಹೊರಟುಹೋದಳು. ಮರುವರ್ಷ ಮಗುವಿಗೆ ಮೈತುಂಬ ದಡಾರ ಎದ್ದಿತು. ಐದೇ ದಿನ, ಉಸಿರು ಕಟ್ಟಿ ಹೋಯಿತು. ಊರೆಲ್ಲ ಮಾರಮ್ಮನ ಹೆಸರು ಹೇಳಿತು. ಯಶೋದಮ್ಮ ಆ ಹೆಸರಿನ ಮರೆಯಲ್ಲೇ ಬದುಕಿದಳು.

ರಾಧಾ ಪೆಟ್ಟಿಗೆ ಎತ್ತಿಕೊಂಡಳು. ಇನ್ನು ತಡೆದರೆ ಆಗದು ಎನಿಸಿತು ಯಶೋದಮ್ಮನಿಗೆ.

"ಅತ್ತೆಮ್ಮ, ಮಾರಮ್ಮನ್ನ ಯಾಕೆ ಅಂತೀರಿ? ಸೂಜಿ ಆಕುಸ್ದೆ ಮೆದೆ ಹಿಂದೆ ಬಚ್ಚಿಟ್ಕಂಡಿದ್ದು ನಾನು. ಮಗೀನ ಕಳ್ಕಂಡೋಳು ನಾನು."

ಚಿಕ್ಕಸಿದ್ದಮ್ಮ ತಲೆಯೆತ್ತದೆಯೇ ಅಂದಳು:

"ನಂಗೊತ್ತು ಕಣವ್ವ. ಮೆದೆ ಸಂದೀಲಿ ನಿನ್ನ ಸೆರಗು ಕಾಣ್ತಿತ್ತು. ತೌರಿಗೋಗವ್ಳೆ ಅಂತ ನರ್ಸಮ್ಮನ್ನ ಕಳ್ಸಿದ್ದು ನಾನೇ."

ಯಶೋದಮ್ಮನಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಅಳು.

ಮುದುಕಿ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಬೆಳಗ್ಗೆ ಕರೆದಿಟ್ಟ ಹಾಲಿನ ಚೊಂಬು ತಂದು, ರಾಧಾ ಹಿಡಿದ ಸೀಸೆಗೆ ತಾನೇ ಬಗ್ಗಿಸಿದಳು.

"ಮಾದಪ್ಪಂಗೆ ತಪ್ಪುಕಾಣಿಕೆ ನಾನು ಕಟ್ತೀನಿ ಬುಡು," ಎಂದಳು ಸೊಸೆಗೆ. "ಎಲ್ಡು ತಪ್ಪಿಗೂ ಸೇರ್ಸಿ."