ಹಾರನ್ ಹೊಡೆದ ಜೀಪು

ನಲ್ಲಿಯ ಕೆಳಗಿಟ್ಟ ಕೊಡ ಇನ್ನೂ ಅರ್ಧ ತುಂಬಿರಲಿಲ್ಲ, ತಿರುವಿನಾಚೆಯಿಂದ ಪಂಚಾಯಿತಿ ಜೀಪಿನ ಹಾರನ್ ಕೇಳಿಸಿತು. ಮದುವೆ ದಿಬ್ಬಣದ ವ್ಯಾನಿನ ಹಾಗೆ ಉದ್ದಕ್ಕೂ ಹೊಡೆದುಕೊಂಡೇ ಬಂದ ಜೀಪು ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮುಂದೆ ನಿಂತಿತು. ಮೈಕಿನಲ್ಲಿ ಡ್ರೈವರ್ ಧರ್ಮೇಶನ ದನಿ ಹೊರಟಿತು.

"ಹಳ್ಳದ ದಾರೀಲಿ ಒಂಟಿ ಸಲಗ ಬಂದದೆ. ಸಂಜೆ ತನಕ ಯಾರೂ ಹೊರಗೆ ಬರಬಾರದು. ಅಧ್ಯಕ್ಷರ ಸೂಚನೆ."

ಗ್ರಾಮಸಭೆಗೆಂದು ತಲೆ ಬಾಚಿ ನಿಂತಿದ್ದ ಹೆಂಗಸರೆಲ್ಲ ದಡಬಡ ಒಳಗೆ ಓಡಿದರು. ಯಲ್ಲಮ್ಮನೂ ಕೊಡ ಅಲ್ಲೇ ಬಿಟ್ಟು ಓಡಿದಳು. ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕುಸಿದು ಕೂತಳು. ನಗುವ ಮಾತಲ್ಲ ಇದು. ನಾಲ್ಕು ವರ್ಷದ ಹಿಂದೆ ಅದೇ ಹಳ್ಳದ ದಾರಿಯಲ್ಲಿ ಅವಳ ಗಂಡ ನಿಂಗಯ್ಯನನ್ನು ಆನೆ ತುಳಿದು ಹಾಕಿತ್ತು. ಅಲ್ಲಿಂದೀಚೆಗೆ ಅವಳು ಆ ದಾರಿ ತುಳಿದಿಲ್ಲ. ರೇಷನ್ ಅಂಗಡಿಗೂ ಎರಡು ಮೈಲಿ ಸುತ್ತು ಹಾಕಿಯೇ ಹೋಗುತ್ತಿದ್ದಳು.

ಸಂಪಿಗೆಕೊಪ್ಪ ಪಂಚಾಯಿತಿಯ ಅಧ್ಯಕ್ಷ ರೇಣುಕಪ್ರಸಾದ್ ಗೆದ್ದದ್ದೇ ಈ ಭಯದ ಮೇಲೆ. ನಿಂಗಯ್ಯನ ಫೋಟೋ ಕೈಯಲ್ಲಿ ಹಿಡಿದು ಮನೆಮನೆಗೆ ಬಂದು, "ನಾವಿಲ್ಲದಿದ್ರೆ ನಿಮ್ಮನ್ನ ಕಾಯೋರು ಯಾರಮ್ಮ?" ಎಂದು ವೋಟು ಕೇಳಿದ್ದ. ಗೆದ್ದ ಮೇಲೆ ಜೀಪು ತಂದದ್ದೂ ನಿಜ, ಅದರಿಂದ ಜೀವ ಉಳಿದದ್ದೂ ನಿಜ, ಸುಳ್ಳು ಹೇಳಬಾರದು. ಆದರೆ ನಲ್ಲಿ ಕೇಳಿದರೂ ಆನೆ, ರಸ್ತೆ ಕೇಳಿದರೂ ಆನೆ. 'ಜೀಪು ನಿಲ್ಲಿಸಿಬಿಡಲಾ?' ಅಂತ ಅವನಂದರೆ ಕೇಳಿದವರ ಬಾಯಿ ಮುಚ್ಚುತ್ತಿತ್ತು. ಹೆದರುವವರ ಮೇಲೆ ಹಾವೆಸೆಯುವುದು ಅಂದರೆ ಇದೇ. ಹೋದ ಮೂರು ಗ್ರಾಮಸಭೆಗೂ ಸರಿಯಾಗಿ ಬೆಳಿಗ್ಗೆ ಹತ್ತಕ್ಕೆ ಮೊಬೈಲಿಗೆ ಮೆಸೇಜು, ಆನೆ ಬಂದಿದೆ ಎಂದು. ಸಭೆಯ ನೋಟೀಸು ಆನೆಗೂ ಹೋಗುತ್ತಿತ್ತೋ ಏನೋ. ಈ ಸಲ ಎರಡು ದಿನದಿಂದ ನೆಟ್‌ವರ್ಕ್ ಇಲ್ಲ, ಹಾಗಾಗಿ ಜೀಪೇ ಬಂದಿತ್ತು.

ಇವತ್ತು ಸಭೆಯಲ್ಲಿ ಓದುವುದು ಮನೆ ಕಟ್ಟಲು ಪಂಚಾಯಿತಿ ಕೊಡುವ ಸೈಟಿನ ಪಟ್ಟಿ. ಮೊದಲ ಸಭೆಯಲ್ಲಿ ಯಲ್ಲಮ್ಮನ ಹೆಸರು ಮೂರನೆಯದಾಗಿತ್ತಂತೆ, ಆಮೇಲೆ ಹನ್ನೆರಡನೆಯದು, ಹೋದ ಸಲ ಇರಲೇ ಇಲ್ಲವಂತೆ. ಇವತ್ತು ಓದಿ ಮುಗಿಸಿದರೆ ಪಟ್ಟಿ ತಾಲ್ಲೂಕಿಗೆ ಹೋಗುತ್ತದೆ. ಲೈನ್ ಮನೆ ಎಸ್ಟೇಟಿನದು. ಕಾಫಿ ಹಣ್ಣು ಕೊಯ್ಯಲು ಕೈಲಾಗದ ದಿನ ಗಂಟು ಕಟ್ಟಬೇಕು.

"ಇವತ್ತೂ ಹೋಯ್ತಲ್ಲ ಅವ್ವ," ಮಗಳು ಭವ್ಯಾ ಒಲೆಯ ಹತ್ತಿರ ಕೂತು ಹೇಳಿದಳು.

ಯಲ್ಲಮ್ಮ ತಲೆ ಎತ್ತಿದಳು. "ಹಾರನ್ ಹೊಡೆದ ಅಲ್ವೇನೇ ಅವನು?"

"ಹೊಡೆದ. ಅದಕ್ಕೆಂತ?"

"ಧರ್ಮ ಹಾರನ್ ಹೊಡೆದ," ಎಂದು ಯಲ್ಲಮ್ಮ ತನಗೇ ಹೇಳಿಕೊಂಡಳು.

ನಿಂಗಯ್ಯ ಸತ್ತ ದಿನ ಆನೆ ತನ್ನ ಪಾಡಿಗೆ ತಾನು ಕಾಡಿನ ಕಡೆ ಹೊರಟಿತ್ತು. ಮೇಲಿನ ತೋಟದಲ್ಲಿ ನಾಲ್ಕು ಜನ ಪಟಾಕಿ ಹಚ್ಚಿದರು. ಬೆದರಿದ ಆನೆ ಹಳ್ಳದ ಕಡೆ ತಿರುಗಿತು. ಆ ನಾಲ್ವರಲ್ಲಿ ಧರ್ಮೇಶನೂ ಒಬ್ಬ. ತಿಥಿಯ ದಿನ ಬಂದು ಅವಳ ಕಾಲು ಹಿಡಿದು ಅತ್ತಿದ್ದ. "ಜೀವ ಇರೋ ತನಕ ಆನೆ ಇರೋ ಕಡೆ ನಾನು ಸದ್ದು ಮಾಡಲ್ಲ ಚಿಕ್ಕಮ್ಮ," ಅಂದಿದ್ದ. ಮಾತು ಉಳಿಸಿಕೊಂಡಿದ್ದ. ನಿಜವಾಗಿ ಆನೆ ಬಂದಾಗ ಜೀಪು ದೂರದಲ್ಲೇ ನಿಲ್ಲುತ್ತಿತ್ತು. ಅವನು ನಡೆದು ಬಂದು ಒಂದೊಂದೇ ಬಾಗಿಲು ಬಡಿದು, ಮೆಲುದನಿಯಲ್ಲಿ ಹೇಳಿ ಹೋಗುತ್ತಿದ್ದ.

ಅವಳು ಎದ್ದು ಚಿಲಕ ತೆಗೆದಳು. ಜೀಪು ಇನ್ನೂ ಅಲ್ಲೇ ಇತ್ತು.

"ಆನೆ ಎಲ್ಲದೆ ಧರ್ಮಾ?"

ಧರ್ಮೇಶ ಅವಳ ಮುಖ ನೋಡಲಿಲ್ಲ. "ಹೇಳು ಅಂದದ್ದನ್ನ ಹೇಳಿದೀನಿ ಚಿಕ್ಕಮ್ಮ. ನನಗೂ ಹೆಂಡ್ತಿ ಮಕ್ಕಳವೆ." ಅಷ್ಟು ಹೇಳಿ, ಹಾರನ್ನಿನ ಮೇಲೆ ಅಂಗೈಯಿಟ್ಟು ಮತ್ತೊಮ್ಮೆ ಉದ್ದಕ್ಕೆ ಒತ್ತಿದ.

ಯಲ್ಲಮ್ಮ ಸೆರಗು ಸಿಕ್ಕಿಸಿಕೊಂಡು ಒಂದೊಂದೇ ಬಾಗಿಲು ಬಡಿದಳು. "ಹೊರಗೆ ಬನ್ರೇ. ಆನೆ ಹತ್ರ ಇದ್ರೆ ಧರ್ಮ ಹಾರನ್ ಹೊಡೀತಾನಾ?" ಪಕ್ಕದ ಮನೆಯ ಬಸಮ್ಮ ಕಿಟಕಿಯಿಂದಲೇ, "ನಿಂಗೇ ಹೆದರಿಕೆ ಇಲ್ವಾ ಮಾರಾಯ್ತಿ?" ಎಂದಳು. "ಅದೆ," ಅಂದಳು ಯಲ್ಲಮ್ಮ, "ನಿಮ್ಮೆಲ್ಲರಿಗಿಂತ ಜಾಸ್ತಿ ಅದೆ. ಅದಕ್ಕೇ ಜೊತೆಗೆ ಬನ್ನಿ ಅಂತಿರೋದು." ಸಭೆ ಹನ್ನೊಂದಕ್ಕೆ, ಹಳ್ಳದಾಚೆಯ ಶಾಲೆಯಲ್ಲಿ. ಸುತ್ತು ದಾರಿ ಹಿಡಿದರೆ ಮುಗಿದೇ ಹೋಗಿರುತ್ತದೆ. ಬಾಗಿಲುಗಳು ಒಂದೊಂದಾಗಿ ತೆರೆದವು, ಎಲ್ಲರೂ ಹಳ್ಳದ ದಾರಿಯಲ್ಲೇ ಹೊರಟರು.

ಹಳ್ಳದ ಹತ್ತಿರ ಹಲಸಿನ ಮರದ ಬುಡಕ್ಕೆ ಬಂದಾಗ ಯಲ್ಲಮ್ಮನ ಕಾಲು ನಿಂತುಬಿಟ್ಟಿತು. ನಿಂಗಯ್ಯ ಸಿಕ್ಕಿದ್ದು ಅಲ್ಲೇ. ಅಲ್ಲೇ ನಿಂತು ಅತ್ತಳು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಮೂಗೊರೆಸಿಕೊಂಡು ತಾನೇ ಮುಂದೆ ನಡೆದಳು.

ಶಾಲೆಯ ಜಗಲಿಯಲ್ಲಿ ಏಳೆಂಟು ಜನರ ಎದುರು ರೇಣುಕಪ್ರಸಾದ್ ಪಟ್ಟಿ ಓದಲು ಕನ್ನಡಕ ಹಾಕಿಕೊಳ್ಳುತ್ತಿದ್ದ. ನಲವತ್ತು ಹೆಂಗಸರು ಗೇಟಿನಲ್ಲಿ ಕಂಡರು.

"ಆನೆ ಬಂದಿದೆ ಅಂತ ಹೇಳಿಸಿದ್ನಲ್ಲ, ಹೆಂಗೆ ಬಂದ್ರಿ?"

"ದಾರೀಲಿ ಸಿಗಲಿಲ್ಲ ಸ್ವಾಮಿ," ಯಲ್ಲಮ್ಮ ಮುಂದಿನ ಸಾಲಿನಲ್ಲೇ ಕೂತಳು. "ಇಲ್ಲೇನಾದ್ರೂ ಇದ್ಯಾ ಅಂತ ನೋಡಾಣ ಅಂತ ಬಂದ್ವಿ. ಪಟ್ಟಿ ಓದಿ."

ಯಾರೋ ಕಿಸಕ್ಕೆಂದರು. ನಗು ಜಗಲಿಯ ತುಂಬ ಹರಡಿತು, ಅಧ್ಯಕ್ಷನ ಪಕ್ಕದಲ್ಲಿದ್ದವರೂ ನಕ್ಕರು. ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ, ಬಸಮ್ಮನದೂ ಇರಲಿಲ್ಲ. ನಲವತ್ತು ಜನ ಎದ್ದು ನಿಂತು ಮೊದಲ ಸಭೆಯ ಪಟ್ಟಿ ಹೊರತೆಗೆಸಿದರು. ಮಧ್ಯಾಹ್ನ ಎರಡರ ಹೊತ್ತಿಗೆ ಬಿಟ್ಟುಹೋದ ಹನ್ನೊಂದು ಹೆಸರುಗಳನ್ನೂ ಕಾರ್ಯದರ್ಶಿ ಎಲ್ಲರೆದುರೇ ಬರೆದ. ಯಲ್ಲಮ್ಮನದು ಮೂರನೆಯದು.

ವಾಪಸು ಬರುವಾಗ ಹಳ್ಳಕ್ಕೆ ಇನ್ನೂ ಒಂದು ಫರ್ಲಾಂಗಿತ್ತು. ಎದುರಿನಿಂದ ಧರ್ಮೇಶ ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ನಡೆದು ಬರುತ್ತಿದ್ದ. ಜೀಪಿನ ಸದ್ದೇ ಇರಲಿಲ್ಲ.

"ನಿಲ್ಲಿ ಚಿಕ್ಕಮ್ಮ," ಅಂದ ಮೆಲ್ಲಗೆ. "ಅಧ್ಯಕ್ಷರು ಸಿಟ್ಟಾಗಿದಾರೆ, ನಾಳೆಯಿಂದ ಜೀಪು ಯಾರ ಕೈಗೋ ಗೊತ್ತಿಲ್ಲ. ಈಗ ಮಾತ್ರ ನಿಲ್ಲಿ."

ಯಾರೂ ಯಾಕೆಂದು ಕೇಳಲಿಲ್ಲ. ನಲವತ್ತು ಜನ ಬಾಯಿಗೆ ಸೆರಗು ಹಿಡಿದು ನಿಂತರು. ಕಾಫಿ ಗಿಡಗಳ ನಡುವಿನಿಂದ ಮಣ್ಣು ಬಣ್ಣದ ದೊಡ್ಡ ಬೆನ್ನೊಂದು ಎದ್ದು, ಹಲಸಿನ ಮರದ ಪಕ್ಕದಲ್ಲಿ ಹಾದು, ಹಳ್ಳಕ್ಕಿಳಿದು ನೀರು ಕುಡಿಯಿತು. ಯಲ್ಲಮ್ಮ ಕಣ್ಣು ಮುಚ್ಚಲಿಲ್ಲ. ಅದು ನೀರು ಕುಡಿದು, ಕಿವಿ ಬೀಸುತ್ತ, ಆಚೆ ದಡ ಹತ್ತಿ ಕಾಡಿನೊಳಗೆ ಹೋಗುವ ತನಕ ನೋಡಿದಳು.