ಅಳದ ಕೂಸು

ರಾಯಚೂರಿನ ಒಂದು ದವಾಖಾನೆಯಲ್ಲಿ, ಅಪೌಷ್ಟಿಕ ಮಕ್ಕಳ ವಾರ್ಡಿನಲ್ಲಿ ನಾನು ಒಂಬತ್ತು ವರ್ಷದಿಂದ ನರ್ಸ್. ನನ್ನ ತಾಳ್ಮೆಯನ್ನು ಡಾಕ್ಟರೇ ಹೊಗಳಿದ್ದರು. ಆಗಿನ್ನೂ ಅವರು ಗಬ್ಬೂರಿನ ಅಮರಮ್ಮನನ್ನು ನೋಡಿರಲಿಲ್ಲ.

ಮಗಳು ಹಸಿಬಾಣಂತಿ ಎಂದು ಮೊಮ್ಮಗ ದುರುಗೇಶನನ್ನು ಅಮರಮ್ಮನೇ ಕರೆತಂದಿದ್ದಳು. ಒಂದೂವರೆ ವರ್ಷದ ಕೂಸು, ತೂಕ ಆರು ಕೆಜಿಯೂ ಇಲ್ಲ. ಗೋಡೆ ನೋಡುತ್ತಾ ಮಲಗಿದರೆ ಮಲಗಿಯೇ ಇರುತ್ತಿತ್ತು. ಉಳಿದ ಮಕ್ಕಳು ಸೂಜಿ ಕಂಡು ಕಿರುಚಿದಷ್ಟೂ ಅಮರಮ್ಮನ ಮುಖ ಅರಳುತ್ತಿತ್ತು.

“ನಮ್ಮ ದುರುಗೇಶನ್ನ ನೋಡ್ರಿ, ಒಮ್ಮಿನೂ ಹಟ ಮಾಡಿಲ್ಲ. ಗಬ್ಬೂರಾಗ ಇಂಥಾ ಶಾಣ್ಯಾ ಕೂಸು ಇನ್ನೊಂದಿಲ್ಲ,” ಎಂದು ಪಕ್ಕದ ಮಂಚದ ವಾಹಿದಾಗೆ ಮಕ್ಕಳನ್ನು ಸಾಕುವ ಪಾಠ ಹೇಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ಯವ್ವಾ, ಅದಕ್ಕ ಅಳಾಕ ಶಕ್ತಿ ಇಲ್ಲ,” ಎಂದೆ.

“ನಿಮಗೆಷ್ಟು ಮಕ್ಕಳ್ರೀ?” ಎಂದು ಕೇಳಿದಳು. ನನಗೆ ಮದುವೆಯೇ ಆಗಿರಲಿಲ್ಲ. ವಾದ ಅಲ್ಲಿಗೆ ಮುಗಿಯಿತು.

ಎರಡು ತಾಸಿಗೊಮ್ಮೆ ಚಮಚದಲ್ಲಿ ಹಾಲು. ಐದು ದಿನ ದುರುಗೇಶ ಕಣ್ಣು ಮುಚ್ಚಿಕೊಂಡೇ ನುಂಗಿದ. ಆರನೆಯ ದಿನ ಬೆಳಿಗ್ಗೆ ಹಾಲು ಮುಗಿದಾಗ ಬಟ್ಟಲನ್ನೇ ಹಿಡಿದುಕೊಂಡ. ನಾನು ಎಳೆದೆ. ಅವನು ಬಾಯಿ ತೆರೆದ. ಎಂಥಾ ಸ್ವರ! ಗೇಟಿನ ಆಟೋದವರೂ ತಿರುಗಿ ನೋಡಿರಬೇಕು. ನನಗೆ ಕುಣಿಯಬೇಕೆನಿಸಿತು.

ಅಮರಮ್ಮ ಮಾತ್ರ ಗಂಟು ಕಟ್ಟತೊಡಗಿದಳು. “ಬಂಗಾರದಂಥ ಕೂಸು ಕೆಡಿಸಿಬಿಟ್ರಿ! ಹತ್ತರ ಬಸ್ಸಿಗಿ ಊರಿಗಿ ಹೋಗಿ ಅಮೀರ್ ಸಾಬನ ಕಡಿಂದ ತಾಯತ ಕಟ್ಟಿಸ್ತೀನಿ.”

ಈಗ ಹೋದರೆ ಹುಡುಗ ಮತ್ತೆ ಗೋಡೆ ನೋಡುತ್ತಾ ಮಲಗುತ್ತಾನೆ, ಈ ಸಲ ಏಳುತ್ತಾನೋ ಇಲ್ಲವೋ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಬಾಗಿಲಿಗೆ ಅಡ್ಡ ನಿಂತೆ. ಆಕೆ ಗಂಟಿನಿಂದಲೇ ನನ್ನನ್ನು ತಳ್ಳಿದಳು. ಅಷ್ಟರಲ್ಲಿ ಅಜ್ಜಿಯ ಸೊಂಟದ ಮೇಲಿದ್ದ ದುರುಗೇಶ ಬಗ್ಗಿ, ವಾಹಿದಾಳ ಮಗಳ ಕೈಯ ಬಾಳೆಹಣ್ಣು ಕಿತ್ತುಕೊಂಡು ಸಿಪ್ಪೆ ಸಮೇತ ಕಚ್ಚಿದ. ಆ ಹುಡುಗಿ ಅತ್ತಳು. ಅವನೂ ಅತ್ತ, ಆದರೆ ಹಣ್ಣು ಬಿಡಲಿಲ್ಲ. ವಾಹಿದಾ ಬಿದ್ದು ಬಿದ್ದು ನಕ್ಕಳು.

“ಹೊಟ್ಟಿ ಹಸದದ ಅವಗ, ತಿನ್ಲಿ ಬಿಡ್ರಿ ಅಮ್ಮಾ.”

ಅಮರಮ್ಮ ನಿಂತಲ್ಲೇ ನಿಂತಳು. ನನ್ನ ಕಡೆ ತಿರುಗಿ ಕೇಳಿದಳು, “ಹಂಗಾರ ಇಷ್ಟು ದಿನ ಹಸಿವಾದ್ರೂ ಅಳಾಕ ಆಗ್ತಿದ್ದಿಲ್ಲೇನ್ರಿ ಇವಗ?”

“ಆಗ್ತಿದ್ದಿಲ್ಲ ಯವ್ವಾ.”

ಗಂಟು ಕೆಳಗಿಟ್ಟು ಕೂತುಬಿಟ್ಟಳು. “ನಾನು ಶಾಣ್ಯಾ ಕೂಸಂತ ಊರ ತುಂಬ ಹೇಳ್ಕೋತ ತಿರುಗಿದ್ನಲ್ಲ,” ಎಂದು ಸೆರಗು ಬಾಯಿಗೊತ್ತಿ ಅತ್ತಳು. ಆಕೆಯ ಮೇಲಿದ್ದ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಹನ್ನೆರಡನೆಯ ದಿನ ಮಾನ್ವಿ ಕಡೆಯಿಂದ ಗೋಪಮ್ಮ ಎಂಬಾಕೆ ಸೊರಗಿದ ಕೂಸೊಂದನ್ನು ತಂದಳು. ದುರುಗೇಶ ಆಗ ನನ್ನ ಕೈಗಡಿಯಾರ ಕಚ್ಚುತ್ತಿದ್ದ.

“ನಮ್ಮದು ಬಾಳ ಶಾಣ್ಯಾ ಅದರೀ,” ಎಂದಳು ಗೋಪಮ್ಮ. “ಅಳಂಗೇ ಇಲ್ಲ.”

ನಾನು ಬಾಯಿ ತೆರೆಯುವ ಮೊದಲೇ ಅಮರಮ್ಮ ಆ ಕೂಸನ್ನು ಎತ್ತಿ ಎದೆಗವಚಿಕೊಂಡಿದ್ದಳು.

“ಅಳಂಗಿಲ್ಲೇನು? ಸಿಸ್ಟರಮ್ಮಾ, ಹಾಲು ತರ್ರಿ ಮೊದಲ! ಇದನ್ನ ಲಗೂನ ಅಳಸ್ಬೇಕು!”